ಹಸಿ ತೂಕ, ಒಣ ತೂಕ

ಮೂಲಿಕೆ ಬೆಳೆಗಾರರ ನಮ್ಮ ಸಹಕಾರಿ ಗುಂಪು ಒಡೆಯುವ ಹಂತಕ್ಕೆ ಬಂದದ್ದು ಇಬ್ಬನಿಯಿಂದ. ಎರಡನೇ ವರ್ಷದ ತುಳಸಿ ಕೊಯ್ಲು. ಬೆಳಿಗ್ಗೆ ಆರೂವರೆಗೆ ಒಬ್ಬರು ತುಳಸಿ ಹೊರೆ ತಂದು ತಕ್ಕಡಿಗಿಟ್ಟರು: 40 ಕಿಲೋ. ಹತ್ತೂವರೆಗೆ ಇನ್ನೊಬ್ಬಾಕೆ ಅಷ್ಟೇ ಅಗಲದ ಮಡಿಗಳಿಂದ ಅದೇ ತಳಿಯ ತುಳಸಿ ತಂದರು: 33 ಕಿಲೋ. ಹಸಿ ತೂಕಕ್ಕೆ ದುಡ್ಡು ಕೊಡುವುದು ಆಗ ನಮ್ಮ ಪದ್ಧತಿ. ಆಕೆ ಒಂದು ಮಾತೂ ಆಡದೆ ಚೀಟಿ ತೆಗೆದುಕೊಂಡು ಹೋದರು. ಎರಡು ಹೊರೆಗಳನ್ನೂ ನಾನೇ ಬೇರೆ ಬೇರೆ ತಟ್ಟೆಗಳಲ್ಲಿ ಹರಡಿದ್ದೆ. ಮೂರನೇ ದಿನ ಒಣಗಿದ್ದನ್ನು ತೂಗಿದರೆ ಎರಡೂ ಆರೂವರೆ ಕಿಲೋದ ಆಸುಪಾಸು. ಏಳು ಕಿಲೋ ನೀರಿಗೆ ನಾವು ದುಡ್ಡು ಕೊಟ್ಟಿದ್ದೆವು. ಇಬ್ಬನಿ ಆರುವ ತನಕ ಕಾದು, ಹೇಳಿಕೊಟ್ಟ ಹೊತ್ತಿಗೇ ಕೊಯ್ದು ತಂದಾಕೆಗೆ ಸಲ್ಲಬೇಕಾದ ದುಡ್ಡು ಅದು.

ಒಂದು ವಾರದೊಳಗೆ ಎಲ್ಲರೂ ನಸುಕಿಗೇ ಕೊಯ್ಯತೊಡಗಿದರು. ತಪ್ಪು ಅವರದ್ದಲ್ಲ. ನೀರಿಗೆ ಬೆಲೆ ಕಟ್ಟಿದವರು ನಾವು, ನೀರು ಬಂತು. ಒದ್ದೆ ಎಲೆ ತಟ್ಟೆಗೆ ಬಿದ್ದರೆ ಅಂಚು ಕಪ್ಪಾಗುತ್ತದೆ, ಒಣಗಲು ಇನ್ನೊಂದು ದಿನ ಬೇಕಾಗುತ್ತದೆ, ಪರಿಮಳವೂ ಹೋಗುತ್ತದೆ. ಆ ತಿಂಗಳ ತುಳಸಿ ಅಷ್ಟೂ ಎರಡನೇ ದರ್ಜೆಗೆ ಇಳಿಯಿತು. ಜೊತೆಗೆ ಗುಂಪಿನೊಳಗೆ ಮಾತು ಶುರುವಾಯಿತು: ‘ದಳ್ಳಾಳಿಯ ಕಾಲದಲ್ಲಿ ತಕ್ಕಡಿ ಅವನದು, ಈಗ ನಮ್ಮದೇ ತಕ್ಕಡಿ, ಮೋಸ ಮಾತ್ರ ಹಾಗೇ ಇದೆ.’ ಈ ಮಾತು ನನ್ನನ್ನು ತುಂಬ ದಿನ ಕಾಡಿತು. ಏಕೆಂದರೆ ನಾವು ಒಟ್ಟಾಗಿದ್ದೇ ತಕ್ಕಡಿಯ ಕಾರಣಕ್ಕೆ.

ನಾವು 23 ಕುಟುಂಬಗಳು. ಒಬ್ಬೊಬ್ಬರದು ಕಾಲು ಎಕರೆಯಿಂದ ಒಂದು ಎಕರೆಯೊಳಗಿನ ಮೂಲಿಕೆ ತೋಟ. ಮಜ್ಜಿಗೆ ಹುಲ್ಲು, ತುಳಸಿ, ಪುದೀನ, ಕೆಂಪು ಪುಂಡಿ, ಗಿಡಮೂಲಿಕೆ ಚಹಾಕ್ಕೆ ಹೋಗುವ ಈ ನಾಲ್ಕು ಬೆಳೆ. ಕೊನೆಯದರ ಹೂವು ಉದುರಿದ ಮೇಲೆ ಉಳಿಯುವ ದಪ್ಪ ಕೆಂಪು ಪುಷ್ಪಪಾತ್ರೆಯನ್ನೇ ಜಗತ್ತೆಲ್ಲ ಹೈಬಿಸ್ಕಸ್ ಚಹಾ ಎಂದು ಕುಡಿಯುವುದು. ಚಹಾ ಎಂದರೂ ಇವುಗಳಲ್ಲಿ ಯಾವುದೂ ಚಹಾ ಗಿಡದ ಎಲೆಯಲ್ಲ, ಕೆಫೀನ್ ಇಲ್ಲ. ಮೊದಲು ನಾವೆಲ್ಲ ಹಸಿಯಾಗಿಯೇ ಹೊಲದ ಬದುವಿನಲ್ಲಿ ಮಾರುತ್ತಿದ್ದೆವು. ಕೊಳ್ಳುವವನು ತೂಗಿ, ‘ನೀರಿನ ಕಡಿತ’ ಎಂದು ತನಗೆ ತೋಚಿದಷ್ಟು ಕಳೆದು, ಉಳಿದದ್ದಕ್ಕೆ ದುಡ್ಡು ಎಣಿಸುತ್ತಿದ್ದ. ಕೊಯ್ದ ಪುದೀನ ಸಂಜೆಯೊಳಗೆ ಬಾಡುತ್ತದೆ. ಬಾಡುವ ಸರಕು ಹಿಡಿದು ನಿಂತವರು ಬೇಡ ಎನ್ನುವ ಧೈರ್ಯ ಮಾಡುವುದಿಲ್ಲ. ನಾವೇ ಒಣಗಿಸಿಕೊಂಡರೆ ಆರು ತಿಂಗಳು ಕಾಯಬಹುದು, ಬೇಡ ಎನ್ನಬಹುದು. ಸಹಕಾರಿ ಗುಂಪು ಹುಟ್ಟಿದ್ದು ಈ ಒಂದು ಲೆಕ್ಕದಿಂದ. ಒಣಗಿಸುವ ಮನೆ ಮತ್ತು ಲೆಕ್ಕದ ಪುಸ್ತಕ ಎರಡೂ ನನ್ನ ಪಾಲಿಗೆ ಬಂದವು.

ಇಬ್ಬನಿಯ ಜಗಳ ಎದ್ದಾಗ ನನಗೆ ನೆನಪಾದದ್ದು ಸಹಕಾರ ಚಳವಳಿಯ ಶುರುವಾತು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಮಂದಿ ದುಡಿಯುವ ಜನ, ನೇಕಾರರೂ ಬೇರೆ ಕಸುಬಿನವರೂ, ಸಣ್ಣ ಅಂಗಡಿ ತೆರೆದಾಗ ಕೊಟ್ಟ ಮಾತುಗಳಲ್ಲಿ ಒಂದು ಕಲಬೆರಕೆಯಿಲ್ಲದ ಸರಕು, ಇನ್ನೊಂದು ಪೂರ್ತಿ ತೂಕ. ಒಬ್ಬರಿಗೆ ಒಂದೇ ಮತ ಎಂಬ ನಿಯಮದ ಜೊತೆಗೆ ಪೂರ್ತಿ ತೂಕವೂ ಸಹಕಾರದ ಬುನಾದಿಯಲ್ಲಿದೆ ಅನ್ನುವುದು ನನಗೆ ಆವರೆಗೆ ಬರೀ ಓದಿದ ಸಂಗತಿಯಾಗಿತ್ತು.

ನಮ್ಮ ಮೊದಲ ವರ್ಷ ಎಲ್ಲ ತಪ್ಪುಗಳನ್ನೂ ಮಾಡಿ ಮುಗಿಸಿದ ವರ್ಷ. ಟಾರ್ಪಾಲಿನ ಮೇಲೆ ನೇರ ಬಿಸಿಲಿಗೆ ಹರಡಿದೆವು. ಪುದೀನ ಎರಡೇ ದಿನಕ್ಕೆ ಹುಲ್ಲಿನ ಬಣ್ಣಕ್ಕೆ ತಿರುಗಿತು, ಮೂಸಿದರೆ ಒಣ ಮೇವಿನ ವಾಸನೆ. ಪುದೀನ, ತುಳಸಿಗಳ ಎಲೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿರುತ್ತವೆ, ಎಣ್ಣೆಯೆಲ್ಲ ಅವುಗಳಲ್ಲಿ. ಬಿಸಿಲ ಝಳಕ್ಕೆ ಅವು ಒಡೆದು ಎಣ್ಣೆ ಆವಿಯಾಗುತ್ತದೆ, ಬೆಳಕಿಗೆ ಹಸಿರು ಮಾಸುತ್ತದೆ. ಮಳೆ ಹಿಡಿದ ವಾರದಲ್ಲಿ ಸೌದೆ ಒಲೆ ಹೂಡಿ ಅದರ ಬಿಸಿಗೆ ಒಣಗಿಸಿದೆವು. ಎಲೆ ಹೊಗೆ ಹೀರಿತು. ಹೊಗೆಯ ವಾಸನೆ ಹೋದರೂ ಪ್ರಯೋಗಾಲಯದಲ್ಲಿ ಆಂತ್ರಕ್ವಿನೋನ್ ಎಂಬ ಶೇಷ ಸಿಕ್ಕಿಬೀಳಬಹುದು, ಹೊರದೇಶದ ಖರೀದಿದಾರರು ಅದನ್ನು ಹುಡುಕಿಯೇ ಹುಡುಕುತ್ತಾರೆ ಎಂದು ಆಮೇಲೆ ತಿಳಿಯಿತು. ಆ ಲಾಟನ್ನು ಗೊಬ್ಬರದ ಗುಂಡಿಗೆ ಸುರಿದೆವು.

ಮೂರನೆಯ ತಪ್ಪು ಬಿಸಿಯದು. ಬೇಗ ಒಣಗಲಿ ಎಂದು ಶಾಖ 60 ಡಿಗ್ರಿಗೆ ಏರಿಸಿದೆ. ಹೊರಗಿನ ಪದರ ಗರಿಗರಿಯಾಗಿ ಬಿಗಿದುಕೊಂಡಿತು, ಒಳಗಿನ ನೀರಿಗೆ ದಾರಿ ಇಲ್ಲ. ಮುಟ್ಟಿದರೆ ಒಣಗಿದ ಹಾಗೆ. ಚೀಲಕ್ಕೆ ತುಂಬಿ ಹತ್ತು ದಿನ ಬಿಟ್ಟು ತೆರೆದರೆ ಒಳಗಿನ ತೇವ ಹೊರಬಂದು ಕಡ್ಡಿಯ ಗೆಣ್ಣುಗಳಲ್ಲಿ ಬೂಷ್ಟು. ಎಲೆ ಸುಲಭ, ಕಡ್ಡಿಯೇ ಕಷ್ಟ. ಈಗಲೂ ನಾನು ಎಲೆ ಮುಟ್ಟಿ ನೋಡುವುದಿಲ್ಲ, ತೀರಾ ದಪ್ಪ ಕಡ್ಡಿ ಆರಿಸಿ ಮುರಿಯುತ್ತೇನೆ. ಟಕ್ ಎಂದು ಮುರಿಯಬೇಕು. ಬಾಗಿದರೆ ಇನ್ನೊಂದು ದಿನ.

ಈಗ ನಮ್ಮಲ್ಲಿ ಮೂರು ಸೌರ ಸುರಂಗಗಳಿವೆ. ಜರ್ಮನಿಯ ಹೊಹೆನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ವಿನ್ಯಾಸ ಇದು. 18 ಮೀಟರ್ ಉದ್ದ, 2 ಮೀಟರ್ ಅಗಲ, ನೆಲದಿಂದ ಸೊಂಟದೆತ್ತರಕ್ಕೆ ಏರಿಸಿದ ಕಟ್ಟು. ಮೊದಲರ್ಧ ಕಪ್ಪು ಬಳಿದ ತಳ, ಅಲ್ಲಿ ಗಾಳಿ ಬಿಸಿಯಾಗುತ್ತದೆ. ಎರಡನೆಯ ಅರ್ಧದಲ್ಲಿ ಜಾಲರಿಯ ಮೇಲೆ ಎಲೆ. ಬಾಯಿಯಲ್ಲಿ ಸೌರಫಲಕದಿಂದ ತಿರುಗುವ ಸಣ್ಣ ಫ್ಯಾನುಗಳು. ಈ ಜೋಡಣೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು: ಬಿಸಿಲು ಜೋರಾದಷ್ಟೂ ಫ್ಯಾನು ಜೋರಾಗುತ್ತದೆ, ಹಾಗಾಗಿ ಶಾಖ ತಾನಾಗಿಯೇ ಹತೋಟಿಯಲ್ಲಿರುತ್ತದೆ. ಎಲೆಯಿರುವ ಅರ್ಧದ ಮೇಲೆ ನಾವು ನೆರಳು ಬಲೆ ಹೊದಿಸಿದೆವು. ಅದಿಲ್ಲದೆ ಒಳಗಿದ್ದರೂ ಬಣ್ಣ ಉಳಿಯುವುದಿಲ್ಲ. ತುಳಸಿ, ಪುದೀನಕ್ಕೆ 35ರಿಂದ 42 ಡಿಗ್ರಿ, ಅದರ ಮೇಲೆ ಹೋಗಗೊಡುವುದಿಲ್ಲ. ಮಜ್ಜಿಗೆ ಹುಲ್ಲು ಸ್ವಲ್ಪ ತಾಳುತ್ತದೆ. ಪುಂಡಿಯ ಪಾತ್ರೆಗೆ 50ರ ತನಕವೂ ಸರಿ. ಅಲ್ಲಿ ಕಾಪಾಡಬೇಕಾದದ್ದು ಎಣ್ಣೆಯಲ್ಲ, ಕೆಂಪು ಮತ್ತು ಹುಳಿ.

ಒಂದು ಚದರ ಮೀಟರಿಗೆ ಎರಡು-ಮೂರು ಕಿಲೋ ಹಸಿ ಎಲೆ, ಅಷ್ಟೇ. ಇನ್ನೂ ಸ್ವಲ್ಪ ಸುರಿಯೋಣ ಅನ್ನಿಸುತ್ತದೆ, ಹೊರಗೆ ಸದಸ್ಯರು ಹೊರೆ ಇಟ್ಟುಕೊಂಡು ಕಾಯುತ್ತಿರುತ್ತಾರಲ್ಲ. ಸುರಿಯಬಾರದು. ಮೂರೂ ಸುರಂಗ ಸೇರಿ ಒಮ್ಮೆಗೆ 150 ಕಿಲೋ ಹಿಡಿಯುತ್ತವೆ, ಅದಕ್ಕೇ ಕೊಯ್ಲಿಗೆ ಸರದಿ ಮಾಡಿದೆವು. ಯಾರ ದಿನ ಯಾವುದು ಎಂದು ಗೋಡೆಯ ಮೇಲೆ ಬರೆದಿರುತ್ತದೆ. ಇನ್ನೊಂದು ಸಂಗತಿ ಯಾರೂ ನಮಗೆ ಹೇಳಿರಲಿಲ್ಲ. ಒಣಗಿದ ಎಲೆ ರಾತ್ರಿಯ ಗಾಳಿಯಿಂದ ನೀರನ್ನು ಮತ್ತೆ ಎಳೆದುಕೊಳ್ಳುತ್ತದೆ. ಸಂಜೆ ಗರಿಗರಿಯಾಗಿದ್ದದ್ದು ಬೆಳಿಗ್ಗೆ ಮೆತ್ತಗೆ. ಹಾಗಾಗಿ ಸೂರ್ಯ ಇಳಿಯುವ ಮೊದಲೇ ಸುರಂಗದ ಎರಡೂ ಬಾಯಿ ಮುಚ್ಚಬೇಕು, ಒಣಗಿ ಮುಗಿದದ್ದನ್ನು ಮಧ್ಯಾಹ್ನದ ಬಿಸಿಯಲ್ಲೇ ತೆಗೆದು, ಆರಲು ಬಿಟ್ಟು, ಸಂಜೆಯೊಳಗೆ ಚೀಲ ಕಟ್ಟಬೇಕು.

ತೇವ ಎಷ್ಟಿದೆ ಎಂದು ಅಳೆಯುವುದರಲ್ಲೂ ಒಂದು ತೊಡಕಿದೆ. ಒಲೆಯಲ್ಲಿ 105 ಡಿಗ್ರಿಗೆ ಇಟ್ಟು ತೂಕ ಎಷ್ಟು ಇಳಿಯಿತು ಎಂದು ನೋಡುವುದು ಸಾಮಾನ್ಯ ವಿಧಾನ. ಆದರೆ ಪರಿಮಳದ ಎಲೆಗಳಲ್ಲಿ ನೀರಿನ ಜೊತೆ ಎಣ್ಣೆಯೂ ಹಾರಿಹೋಗುತ್ತದೆ, ತೇವ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂದರೆ ಚೆನ್ನಾಗಿ ಒಣಗಿಸಿ ಎಣ್ಣೆ ಉಳಿಸಿಕೊಂಡವರಿಗೇ ಪೆಟ್ಟು. ಪ್ರಯೋಗಾಲಯದಲ್ಲಿ ಟಾಲ್ವೀನ್ ಎಂಬ ದ್ರಾವಕದ ಜೊತೆ ಭಟ್ಟಿ ಇಳಿಸಿ ನೀರನ್ನಷ್ಟೇ ಬೇರೆಯಾಗಿ ಅಳೆಯುವ ವಿಧಾನವಿದೆ. ಮೊದಲ ವ್ಯಾಪಾರದಲ್ಲಿ ಖರೀದಿದಾರರು ತೇವ ಜಾಸ್ತಿ ಎಂದು ದರ ಕಡಿತ ಮಾಡಿದಾಗ ನಮಗಿದು ಗೊತ್ತಿರಲಿಲ್ಲ, ಒಪ್ಪಿಕೊಂಡೆವು. ಈಗ ಒಪ್ಪಂದದಲ್ಲೇ ಬರೆಸುತ್ತೇವೆ: ತೇವ ಶೇಕಡಾ 10ರೊಳಗೆ, ಅಳೆಯುವ ವಿಧಾನ ಇಂಥದ್ದು ಎಂದು.

ಇನ್ನು ಜಗಳ ಹೇಗೆ ಬಗೆಹರಿಯಿತು ಎಂಬುದು. ಒಣ ತೂಕಕ್ಕೆ ದುಡ್ಡು ಕೊಟ್ಟರಾಯಿತು ಎಂದು ಹೇಳುವುದು ಸುಲಭ. ಆದರೆ ಒಂದು ಸುರಂಗದಲ್ಲಿ ಐದಾರು ಜನರ ಎಲೆ ಒಟ್ಟಿಗೆ ಒಣಗುತ್ತದೆ, ಒಬ್ಬೊಬ್ಬರದನ್ನೂ ಬೇರೆ ಹರಡಿದರೆ ಅರ್ಧ ಜಾಗ ವ್ಯರ್ಥ. ಇತ್ಯರ್ಥ ಮಾಡಿದ್ದು ಅಂದು 33 ಕಿಲೋ ತಂದಿದ್ದ ಆ ಹೆಣ್ಣುಮಗಳೇ. ‘ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕಲ್ಲ’ ಅಂದರು.

ಅದನ್ನೇ ಪದ್ಧತಿ ಮಾಡಿಕೊಂಡೆವು. ಹೊರೆ ಬಂದ ಕೂಡಲೇ ಮೇಲಿಂದ, ನಡುವಿಂದ, ಅಡಿಯಿಂದ ಒಂದೊಂದು ಹಿಡಿ ತೆಗೆದು ಸರಿಯಾಗಿ ಒಂದು ಕಿಲೋ ಮಾಡುತ್ತೇವೆ. ಅದನ್ನು ಸಂಖ್ಯೆ ಬರೆದ ಬಲೆ ಚೀಲಕ್ಕೆ ಹಾಕಿ ಸದಸ್ಯರ ಎದುರಲ್ಲೇ ಕಟ್ಟುತ್ತೇವೆ. ಚೀಲ ಅದೇ ಸುರಂಗದೊಳಗೆ, ಅದೇ ಗಾಳಿಗೆ ಒಣಗುತ್ತದೆ. ಒಣಗಿದ ಮೇಲೆ ಜರಡಿಗೆ ಉಜ್ಜಿ ಕಡ್ಡಿ ಬೇರ್ಪಡಿಸಿ, ಎಲೆಯನ್ನು ಗ್ರಾಮಿನ ತಕ್ಕಡಿಯಲ್ಲಿ ತೂಗುತ್ತೇವೆ. ಒಂದು ಕಿಲೋಗೆ ಎಷ್ಟು ಗ್ರಾಂ ಎಲೆ ಬಂತೋ ಅದನ್ನು ಹೊರೆಯ ಒಟ್ಟು ಕಿಲೋದಿಂದ ಗುಣಿಸಿದರೆ ಅವರ ತೂಕ ಸಿಗುತ್ತದೆ. ಇಬ್ಬನಿ ಇದ್ದರೆ ಗ್ರಾಂ ಕಡಿಮೆ ಬರುತ್ತದೆ. ಬುಡದವರೆಗೂ ಕೊಯ್ದು ಕಡ್ಡಿ ತುಂಬಿದ್ದರೂ ಕಡಿಮೆ ಬರುತ್ತದೆ. ಮೊಗ್ಗು ಒಡೆಯುವ ಹೊತ್ತಿಗೆ, ಎಲೆ ತುಂಬಿರುವಾಗ, ಇಬ್ಬನಿ ಆರಿದ ಮೇಲೆ ಕೊಯ್ದವರಿಗೆ ಹೆಚ್ಚು. ಯಾರಿಗೂ ಬುದ್ಧಿ ಹೇಳಬೇಕಾಗಲಿಲ್ಲ. ಒಂದೇ ತಿಂಗಳಲ್ಲಿ ಕೊಯ್ಲು ಮತ್ತೆ ಹತ್ತು ಗಂಟೆಗೆ ಬಂತು.

ದುಡ್ಡು ಮೂರು ಕಂತಿನಲ್ಲಿ. ಹೊರೆ ಇಳಿಸಿದ ದಿನವೇ ಅಂದಾಜಿನ ಅರ್ಧ, ಏಕೆಂದರೆ ಸಣ್ಣ ರೈತರ ಮನೆ ಮೂರು ದಿನವೂ ಕಾಯುವ ಸ್ಥಿತಿಯಲ್ಲಿರುವುದಿಲ್ಲ. ಮಾದರಿ ಚೀಲ ಒಣಗಿದ ಮೇಲೆ ಉಳಿದರ್ಧ. ಮಾರಾಟ ಮುಗಿದು ಖರ್ಚು ಕಳೆದ ಮೇಲೆ ಉಳಿಕೆಯ ಪಾಲು. ಇನ್ನೊಂದು ಸಣ್ಣ ಬದಲಾವಣೆಯನ್ನೂ ಇಲ್ಲಿ ಹೇಳಬೇಕು. ತಕ್ಕಡಿಯ ಮುಖ ಮೊದಲು ನನ್ನ ಕಡೆಗಿತ್ತು, ನಾನು ಓದಿ ಹೇಳುತ್ತಿದ್ದೆ. ಈಗ ಅದು ತಂದವರ ಕಡೆಗಿದೆ. ಅವರು ಓದಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಓದು ಬಾರದವರಿಗೆ ಮುಳ್ಳಿನ ತಕ್ಕಡಿ ಉಳಿಸಿಕೊಂಡಿದ್ದೇವೆ, ಮುಳ್ಳು ಎಲ್ಲಿ ನಿಂತಿತು ಎಂದು ಯಾರಿಗಾದರೂ ಕಾಣುತ್ತದೆ.

ಸಣ್ಣ ಬೆಳೆಗಾರರೊಡನೆ ನ್ಯಾಯವಾದ ವ್ಯಾಪಾರ ನಡೆದಿದೆ ಎಂದು ಸಾರುವ ಫೇರ್‌ಟ್ರೇಡ್ ಗುರುತಿನ ಯೋಚನೆ ಬಂದದ್ದು ಇದೆಲ್ಲ ಸರಿಹೋದ ಮೇಲೆ. ಹಾಗೆ ತಡವಾಗಿ ಬಂದದ್ದೇ ಒಳ್ಳೆಯದಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಈ ಬಗೆಯ ಮೊದಲ ಗುರುತು ಹುಟ್ಟಿದಾಗ ಅದರ ಹಿಂದಿದ್ದವರು ಮೆಕ್ಸಿಕೊದ ಸಣ್ಣ ಕಾಫಿ ಬೆಳೆಗಾರರ ಸಹಕಾರಿ. ಬೇರೆ ಬೇರೆ ದೇಶಗಳ ಗುರುತುಗಳು 1997ರಲ್ಲಿ ಒಂದೇ ಸಂಸ್ಥೆಯಡಿ ಸೇರಿದವು, ಅದರ ಕೇಂದ್ರ ಜರ್ಮನಿಯ ಬಾನ್‌ನಲ್ಲಿದೆ. ಅಂದರೆ ಗುರುತಿಗಿಂತ ಮೊದಲು ಸಹಕಾರಿ ಇತ್ತು. ಗಿಡಮೂಲಿಕೆ ಚಹಾದಲ್ಲಿ ನಾನು ಯಾವಾಗಲೂ ನೆನೆಯುವುದು ದಕ್ಷಿಣ ಆಫ್ರಿಕಾದ ರೂಯಿಬೋಸ್ ಬೆಳೆಗಾರರನ್ನು. ವರ್ಣಭೇದದ ಕಾಲದಲ್ಲಿ ಒಳ್ಳೆಯ ನೆಲದಿಂದ, ಮಾರುಕಟ್ಟೆಯಿಂದ ದೂರ ತಳ್ಳಿಸಿಕೊಂಡ ಸಣ್ಣ ರೈತರು ಅವರು. ಸೂಯಿಡ್ ಬೊಕ್ಕೆವೆಲ್ಡ್ ಎಂಬ ಒಣ ಸೀಮೆಯಲ್ಲಿ 2001ರಲ್ಲಿ 14 ಸದಸ್ಯರು ಸೇರಿ ಹೈವೆಲ್ಡ್ ಸಹಕಾರಿ ಕಟ್ಟಿದರು. ತಮ್ಮದೇ ಸಂಸ್ಕರಣೆಯ ಅಂಗಳ ಮಾಡಿಕೊಂಡರು. ರೂಯಿಬೋಸ್‌ನದು ನಮ್ಮ ಎಲೆಗಳಿಗಿಂತ ಬೇರೆ ದಾರಿ. ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ ರಾಶಿ ಹಾಕಿ ಕೆಂಪಾಗಲು ಬಿಡುತ್ತಾರೆ, ಆಮೇಲೆ ಬಿಸಿಲಿಗೆ ತೆಳ್ಳಗೆ ಹರಡುತ್ತಾರೆ. ಆದರೆ ಅಂಗಳ ಯಾರದ್ದೋ ಬೆಲೆ ಹೇಳುವ ಬಾಯಿಯೂ ಅವರದ್ದೇ ಅನ್ನುವುದು ಅಲ್ಲಿಗೂ ಇಲ್ಲಿಗೂ ಒಂದೇ.

ಫೇರ್‌ಟ್ರೇಡ್ ಎಂದರೆ ಎಲ್ಲದಕ್ಕೂ ಕನಿಷ್ಠ ಬೆಲೆ ಕಟ್ಟಿಟ್ಟಿರುತ್ತಾರೆ ಎಂದುಕೊಂಡಿದ್ದೆ. ಕಾಫಿ, ಕೋಕೋಗಳಿಗೆ ಹಾಗೆ ಉಂಟು. ಮೂಲಿಕೆಗಳಲ್ಲಿ ಹಲವಕ್ಕೆ ಇಲ್ಲ, ಬೆಲೆಯನ್ನು ಮಾತಾಡಿಯೇ ಗಿಟ್ಟಿಸಬೇಕು. ಅದರ ಮೇಲೆ ಪ್ರೀಮಿಯಂ, ಅಂದರೆ ಗುಂಪಿಗೆ ಸಿಗುವ ಹೆಚ್ಚುವರಿ ಹಣ, ಬೇರೆ. ನಮ್ಮ ಒಪ್ಪಂದದಲ್ಲಿ ಅದು ಮಾರಾಟ ಬೆಲೆಯ ಶೇಕಡಾ 15. ಒಪ್ಪಂದದ ಮೊತ್ತದಲ್ಲಿ ಶೇಕಡಾ 60ರ ತನಕ ಮುಂಗಡ ಕೇಳುವ ಅವಕಾಶವೂ ಇತ್ತು. ಆ ಮುಂಗಡ ಇಲ್ಲದಿದ್ದರೆ ಮೊದಲ ಕಂತಿನ ಅರ್ಧ ದುಡ್ಡನ್ನು ನಾವು ಸಾಲ ಮಾಡಿಯೇ ಕೊಡಬೇಕಾಗುತ್ತಿತ್ತು. ನನ್ನ ಕಣ್ಣಿಗೆ ಪ್ರೀಮಿಯಂಗಿಂತ ದೊಡ್ಡ ವಿಷಯ ಮುಂಗಡ. ಬೆಳೆಗಾರ ಕಡಿಮೆ ಬೆಲೆಗೆ ಒಪ್ಪುವುದು ಬೆಲೆ ಗೊತ್ತಿಲ್ಲದೆ ಅಲ್ಲ, ಆ ವಾರ ಕೈಯಲ್ಲಿ ಕಾಸಿಲ್ಲದೆ.

ಬೆಲೆ ಮಾತಾಡಲು ಖರ್ಚಿನ ಪಟ್ಟಿ ಬೇಕು. ಪಟ್ಟಿ ಬರೆಯಲು ಕೂತಾಗ ಗೊಬ್ಬರ, ಸಸಿ, ಸುರಂಗದ ಹಾಳೆ, ಚೀಲ, ಸಾಗಣೆ ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ಕೆಲಸದ ಗಂಟೆಗೆ ಬಂದಾಗ ಗಂಡಸರು ಹೇಳಿದ ಲೆಕ್ಕಕ್ಕೂ ತೋಟದಲ್ಲಿ ನಡೆಯುವುದಕ್ಕೂ ತಾಳೆಯಾಗಲಿಲ್ಲ. ಹಾಗಾಗಿ ಒಂದು ಪೂರ್ತಿ ಕೊಯ್ಲಿನ ಕಾಲ ಪ್ರತಿ ಮನೆಗೂ ಒಂದು ಹಾಳೆ ಕೊಟ್ಟೆವು: ಯಾರು, ಯಾವ ಕೆಲಸ, ಎಷ್ಟು ಹೊತ್ತು. ಅಕ್ಷರ ಬೇಡ, ಗೀಟು ಎಳೆದರೆ ಸಾಕು. ಪುಂಡಿಯ ಹಾಳೆಗಳನ್ನು ನೋಡಿ ಸಭೆ ಸುಮ್ಮನಾಯಿತು. ಪುಂಡಿಯ ಕಾಯಿಯನ್ನು ಒಂದೊಂದಾಗಿ ಕಿತ್ತು, ಬುಡದಿಂದ ಲೋಹದ ಕೊಳವೆ ಚುಚ್ಚಿ ಬೀಜದ ಗೂಡನ್ನು ಹೊರತಳ್ಳಬೇಕು. ಸಂಜೆ ಮನೆಯಲ್ಲಿ ಕೂತು ಹೆಂಗಸರು ಮಾಡುವ ಈ ಕೆಲಸವನ್ನು ಯಾರೂ ಅದುವರೆಗೆ ಕೆಲಸವೆಂದು ಎಣಿಸಿರಲಿಲ್ಲ. 100 ಕಿಲೋ ಹಸಿ ಪಾತ್ರೆ ಬಿಡಿಸಿದರೆ ಒಣಗಿದ ಮೇಲೆ ಸಿಗುವುದು ಹತ್ತು-ಹನ್ನೆರಡು ಕಿಲೋ. ಗೀಟುಗಳನ್ನು ಕೂಡಿಸಿದರೆ ನಾವು ಪುಂಡಿಯನ್ನು ಮೂರು ವರ್ಷ ನಷ್ಟಕ್ಕೆ ಮಾರಿದ್ದೆವು. ಆ ನಷ್ಟವನ್ನು ಹೊತ್ತವರು ದೀಪದ ಬೆಳಕಿನಲ್ಲಿ ಕೂತಿದ್ದವರು.

ಪ್ರೀಮಿಯಂ ಹಣ ಹೇಗೆ ಖರ್ಚಾಗಬೇಕು ಎಂಬುದನ್ನು ಸದಸ್ಯರ ಮಹಾಸಭೆಯೇ ತೀರ್ಮಾನಿಸಬೇಕು, ಅದು ಫೇರ್‌ಟ್ರೇಡ್‌ನ ನಿಯಮ. ಮೊದಲ ಸಭೆಯಲ್ಲಿ 23 ಮತ, ಅದರಲ್ಲಿ ಹೆಂಗಸರದು ಮೂರು. ಜಮೀನು ಯಾರ ಹೆಸರಲ್ಲಿದೆಯೋ ಅವರೇ ಸದಸ್ಯರು ಎಂದು ನಾವೇ ಬರೆದುಕೊಂಡಿದ್ದೆವು. ಆ ಸಾಲು ಬರೆದ ಕೈ ನನ್ನದು. ಯಾವ ದುರುದ್ದೇಶವೂ ಇರಲಿಲ್ಲ, ಯೋಚನೆಯೇ ಇರಲಿಲ್ಲ. ಗೀಟಿನ ಹಾಳೆಗಳು ಗೋಡೆಯ ಮೇಲಿರುವಾಗ ಆ ಸಾಲನ್ನು ಸಮರ್ಥಿಸುವುದು ಯಾರಿಂದಲೂ ಆಗಲಿಲ್ಲ. ಬೈಲಾ ತಿದ್ದಿದೆವು. ತೋಟದಲ್ಲಿ ದುಡಿಯುವ, ಹದಿನೆಂಟು ತುಂಬಿದ ಯಾರಾದರೂ ಸದಸ್ಯರಾಗಬಹುದು, ಪಹಣಿ ಬೇಡ. ಹಾಗೆ ಒಂದೇ ಮನೆಗೆ ಎರಡು ಮತವಾಗುತ್ತದೆ ಎಂದು ಕೆಲವರು ತಕರಾರು ತೆಗೆದರು. ಒಂಟಿ ಹೆಂಗಸರ ಎರಡು ಮನೆಗಳಿಗೆ ಅದರಿಂದ ಅನ್ಯಾಯವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿತ್ತು, ಇವತ್ತಿಗೂ ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮುಂದಿನ ವರ್ಷದ ಪ್ರೀಮಿಯಂ ಹಣದಲ್ಲಿ ಹೊಸ ತಕ್ಕಡಿ ಕೊಳ್ಳಬೇಕು ಎಂದು ನಾನು ಸೂಚಿಸಿದ್ದೆ. ಸಭೆ ಕೈಗವಸು, ಪುಂಡಿಯ ಕೊಳವೆಗಳು ಮತ್ತು ಒಣಗಿಸುವ ಮನೆಗೆ ಶೌಚಾಲಯ ಎಂದಿತು. ಮಜ್ಜಿಗೆ ಹುಲ್ಲಿನ ಅಂಚು ಗರಗಸದ ಹಾಗೆ, ದಿನವಿಡೀ ಕೊಯ್ದ ಕೈ ನೋಡಿದವರಿಗೆ ಕೈಗವಸಿನ ಬೆಲೆ ಗೊತ್ತು. ತಕ್ಕಡಿ ಒಂದು ವರ್ಷ ತಡವಾಗಿ ಬಂತು.

ನಾಲ್ಕನೇ ವರ್ಷದ ಕಥೆಯನ್ನು ಬರೆಯುವುದು ಕಷ್ಟ, ಆದರೆ ಮೂಲಿಕೆ ಬೆಳೆಯುವ ಬೇರೆ ಗುಂಪುಗಳಿಗೆ ಬೇಕಾದದ್ದು ಅದೇ. 600 ಕಿಲೋ ತುಳಸಿಯ ಲಾಟು ಪರೀಕ್ಷೆಯಲ್ಲಿ ಬಿತ್ತು. ಕೀಟನಾಶಕ ಅಲ್ಲ, ನಾವು ಯಾರೂ ಸಿಂಪಡಿಸುವುದಿಲ್ಲ. ಬೂಷ್ಟೂ ಅಲ್ಲ. ಪೈರೊಲಿಜಿಡಿನ್ ಆಲ್ಕಲಾಯ್ಡ್. ಕೆಲವು ಜಾತಿಯ ಗಿಡಗಳು ತಮ್ಮ ರಕ್ಷಣೆಗೆ ತಾವೇ ತಯಾರಿಸಿಕೊಳ್ಳುವ ವಿಷ ಅದು, ಮನುಷ್ಯರ ಯಕೃತ್ತಿಗೆ ಹಾನಿ. ತುಳಸಿಯಲ್ಲಿ ಇರುವುದಿಲ್ಲ, ತುಳಸಿಯ ಜೊತೆ ಕೊಯ್ದ ಕಳೆಯಲ್ಲಿ ಇರುತ್ತದೆ. ಯುರೋಪಿನಲ್ಲಿ 2022ರ ಜುಲೈಯಿಂದ ಇದಕ್ಕೆ ಮಿತಿ ಜಾರಿಯಲ್ಲಿದೆ: ತುಳಸಿಯಂಥ ಒಣ ಕಷಾಯದ ಎಲೆಗಳಿಗೆ ಒಂದು ಕಿಲೋಗೆ 200 ಮೈಕ್ರೊಗ್ರಾಂ. ಕೇಳಲು ಬರಿಯ ಅಂಕಿ. ಲೆಕ್ಕ ಹಾಕಿ ನೋಡಿದೆ. ಒಂದು ಕಿಲೋ ಒಣ ಕಳೆಯಲ್ಲಿ ಒಂದೇ ಗ್ರಾಂ ವಿಷ ಇದೆ ಎಂದುಕೊಂಡರೂ, ಒಂದು ಟನ್ ಎಲೆಯೊಳಗೆ ಆ ಕಳೆ 200 ಗ್ರಾಂ ಸೇರಿದರೆ ಮಿತಿ ಮುಟ್ಟುತ್ತದೆ. ಒಂದು ಸಣ್ಣ ಕಟ್ಟು ಕಳೆ, ಅಷ್ಟೇ.

ಹುಡುಕುತ್ತ ಹೋದೆವು. ಅಜೆರೇಟಂ ಮೊದಲ ಶಂಕಿತ. ನಾಯಿ ತುಳಸಿ ಎಂದು ಕೆಲವರು ಕರೆಯುವ ನೀಲಿ ಹೂವಿನ ಆ ಕಳೆ ತುಳಸಿಯ ಎತ್ತರಕ್ಕೇ ಬೆಳೆಯುತ್ತದೆ, ಕುಡುಗೋಲಿಗೆ ಎರಡೂ ಒಂದೇ. ಅದು ಅಲ್ಲಲ್ಲಿ ಸಿಕ್ಕಿತು. ಆದರೆ ಒಂದು ತೋಟದಲ್ಲಿ ಸಾಲುಗಳ ನಡುವೆ ಎದ್ದಿದ್ದದ್ದು ಅಪ್ಸೆಣಬು. ಅದು ಕ್ರೊಟಲೇರಿಯಾ ಕುಲದ್ದು, ಅದರಲ್ಲೂ ಇದೇ ಬಗೆಯ ವಿಷವಿದೆ. ಅದು ತಾನಾಗಿ ಬಂದ ಕಳೆಯೂ ಅಲ್ಲ. ಹಿಂದಿನ ವರ್ಷ ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿ, ಹೂವಾಡುವ ಮುಂಚೆ ಮಣ್ಣಿಗೆ ಸೇರಿಸಬೇಕಾದದ್ದು ತಡವಾಗಿ, ಬೀಜ ಉದುರಿ ಮತ್ತೆ ಎದ್ದಿತ್ತು. ಸಾರಜನಕಕ್ಕೆ ಒಳ್ಳೆಯದು, ಬಿತ್ತಿ ಎಂದು ಸಭೆಯಲ್ಲಿ ಹೇಳಿದವನು ನಾನು. ಬೀಜ ತಂದುಕೊಟ್ಟವನೂ ನಾನು.

ಆ ತೋಟದವರು ಸಭೆಗೆ ಬರಲಿಲ್ಲ. ನಷ್ಟ ಯಾರದ್ದು ಎಂಬ ಪ್ರಶ್ನೆ ಎದ್ದಾಗ ಮೊದಲ ಉತ್ತರ ಅವರದ್ದು ಎಂದೇ ಬಂತು. ನಮ್ಮ ಮಾದರಿ ಚೀಲಗಳ ಪುಸ್ತಕ ಇದ್ದುದರಿಂದ ಯಾವ ಹೊರೆ ಯಾರದ್ದು ಎಂದು ಹುಡುಕುವುದು ಸುಲಭವಾಯಿತು. ಅದೇ ಪುಸ್ತಕ ಒಬ್ಬ ಮನುಷ್ಯನತ್ತ ಬೆರಳು ತೋರಿಸಲು ಬಳಕೆಯಾಗುತ್ತಿತ್ತು. ನಾನು ಎದ್ದು ಬೀಜದ ವಿಷಯ ಹೇಳಿದೆ. ಎರಡು ಸಂಜೆ ಚರ್ಚೆ ನಡೆಯಿತು. ಕೊನೆಗೆ ಆದ ತೀರ್ಮಾನ ಹೀಗೆ. ತಿಳಿಸಿಕೊಡದ ನಿಯಮ ಮುರಿದರೆ ನಷ್ಟ ಎಲ್ಲರದ್ದು. ತಿಳಿಸಿಕೊಟ್ಟು, ತೋಟ ನೋಡಿ, ಬರೆದುಕೊಟ್ಟ ಮೇಲೂ ಮುರಿದರೆ ಅವರದ್ದು. ಆ ವರ್ಷದ ನಷ್ಟವನ್ನು 23 ಮನೆಗಳೂ ಹೊತ್ತವು, ಉಳಿಕೆಯ ಪಾಲು ಯಾರಿಗೂ ಬರಲಿಲ್ಲ. ಇಬ್ಬರು ಗುಂಪು ಬಿಟ್ಟರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಅವರ ಎಲೆ ಶುದ್ಧವಾಗಿತ್ತು.

ಅಂದಿನಿಂದ ಕೊಯ್ಲಿಗೆ ಎರಡು ದಿನ ಮುಂಚೆ ‘ಕಳೆ ನಡಿಗೆ’ ಇರುತ್ತದೆ. ಒಬ್ಬರ ತೋಟವನ್ನು ಇನ್ನಿಬ್ಬರು ಸಾಲು ಸಾಲಾಗಿ ನಡೆದು ನೋಡುತ್ತಾರೆ. ಕಿತ್ತ ಕಳೆಯನ್ನು ಸಾಲಿನಲ್ಲೇ ಮುಚ್ಚಿಗೆಯಾಗಿ ಬಿಡುವ ಹಾಗಿಲ್ಲ, ಹೊರಗೆ ಒಯ್ಯಬೇಕು. ಕೊಳೆಯುವ ಕಳೆಯಿಂದ ಆ ವಿಷ ಮಣ್ಣಿಗಿಳಿದು, ಪಕ್ಕದ ಗಿಡದ ಬೇರು ಅದನ್ನು ಹೀರಿಕೊಳ್ಳುವುದೂ ಉಂಟು. ಹಸಿರೆಲೆ ಗೊಬ್ಬರಕ್ಕೆ ಈಗ ಅಲಸಂದೆ, ಹುರುಳಿ. ಸಾಲುಗಳ ಅಂತರ ಹೆಚ್ಚಿಸಿದೆವು, ಕೊಯ್ಲಿನ ಎತ್ತರವನ್ನೂ ಏರಿಸಿದೆವು. ನೆಲಕ್ಕೆ ಹತ್ತಿರ ಕೊಯ್ದಷ್ಟೂ ಕಳೆ ಸೇರುತ್ತದೆ, ಮಣ್ಣೂ ಸೇರುತ್ತದೆ.

ಸಂಗ್ರಹದ ಬಗ್ಗೆ ಎರಡು ಮಾತು ಸಾಕು. ಗೋಣಿ ಚೀಲ ಬೇಡ, ಸೆಣಬನ್ನು ನೂಲುವಾಗ ಹಚ್ಚುವ ಎಣ್ಣೆಯ ಅಂಶ ಎಲೆಗೆ ಇಳಿಯುತ್ತದೆ. ಒಳಹಾಳೆಯಿರುವ ಕಾಗದದ ಚೀಲ, ಗೋಡೆಗೆ ತಾಗದ ಹಾಗೆ ಮರದ ಹಲಗೆಯ ಮೇಲೆ. ಒಣ ಎಲೆಗೆ ದೊಡ್ಡ ಶತ್ರು ಸಿಗರೇಟ್ ಬೀಟಲ್ ಎಂಬ ಕಂದು ಹುಳ. ಹಳೆಯ ಲಾಟಿನ ಪುಡಿ ಮೂಲೆಯಲ್ಲಿ ಉಳಿದಿದ್ದರೆ ಅಲ್ಲಿಂದಲೇ ಬರುತ್ತದೆ. ಹಾಗಾಗಿ ಪ್ರತಿ ಲಾಟು ಹೋದ ದಿನ ಕೋಣೆ ಖಾಲಿ ಮಾಡಿ ಗುಡಿಸುವುದು, ಅದಕ್ಕೆ ರಜೆ ಇಲ್ಲ.

ಈ ದಾರಿಗೆ ಬರಬೇಕೆಂದಿರುವ ಗುಂಪುಗಳು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಪ್ರಮಾಣಪತ್ರದ್ದು. ಅದಕ್ಕೆ ಖರ್ಚಿದೆ, ವರ್ಷವರ್ಷವೂ ಇದೆ. ಗುರುತು ಸಿಕ್ಕಿದ ಮಾತ್ರಕ್ಕೆ ಬೆಳೆದದ್ದೆಲ್ಲ ಆ ಬೆಲೆಗೆ ಹೋಗುವುದೂ ಇಲ್ಲ. ನಮ್ಮ ಎಲೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಫೇರ್‌ಟ್ರೇಡ್ ಒಪ್ಪಂದದಲ್ಲಿ ಹೋಗುತ್ತದೆ, ಉಳಿದದ್ದು ಮಾಮೂಲಿ ಮಾರುಕಟ್ಟೆಗೆ. ಎರಡಕ್ಕೂ ಒಂದೇ ಗಿಡ, ಒಂದೇ ಕೈ. ಸದಸ್ಯರಿಗೆ ನಾವು ಎರಡನ್ನೂ ಕೂಡಿಸಿ ಸರಾಸರಿ ದರ ಕೊಡುತ್ತೇವೆ, ಯಾರ ಚೀಲ ಯಾವ ಲಾರಿ ಹತ್ತಿತು ಎಂಬುದು ಅವರವರ ಅದೃಷ್ಟಕ್ಕೆ ಬಿಟ್ಟದ್ದಾಗಬಾರದು. ಹಾಗಾಗಿ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಮೊದಲ ವರ್ಷ ಬಲೆ ಚೀಲ, ಗ್ರಾಮಿನ ತಕ್ಕಡಿ ಮತ್ತು ಒಂದು ದಪ್ಪ ಪುಸ್ತಕ ಕೊಳ್ಳಿ. ಲೆಕ್ಕ ಪರಿಶೋಧನೆಗೆ ಬಂದವರು ನಮ್ಮಲ್ಲಿ ಅತಿ ಹೆಚ್ಚು ಹೊತ್ತು ಕೂತು ನೋಡಿದ್ದೂ ಆ ಪುಸ್ತಕವನ್ನೇ.

ಈ ವರ್ಷ ಮಳೆ ಹದಿನೈದು ದಿನ ಮೊದಲೇ ಹಿಡಿಯಿತು. ಸುರಂಗಗಳಲ್ಲಿ ಮಜ್ಜಿಗೆ ಹುಲ್ಲು ಅರ್ಧ ಒಣಗಿ ನಿಂತಿದೆ, ಕೊಯ್ಲಿನ ಸರದಿಯನ್ನು ನಾಲ್ಕು ದಿನ ಮುಂದೂಡಿದ್ದೇನೆ. ಪುಂಡಿಗೆ ಈ ಸಲ ಬಿಡಿಸುವ ಗಂಟೆಗಳನ್ನೂ ಸೇರಿಸಿ ಹೊಸ ದರ ಕೇಳಿದ್ದೇವೆ, ಖರೀದಿದಾರರು ಇನ್ನೂ ಒಪ್ಪಿಲ್ಲ. ಒಪ್ಪದಿದ್ದರೆ ಪುಂಡಿಯನ್ನೇ ಕೈಬಿಡಬೇಕು ಎಂದು ಮಹಾಸಭೆಯಲ್ಲಿ ಠರಾವಾಗಿದೆ. ಠರಾವು ಮಂಡಿಸಿದ್ದು ಹೆಂಗಸರು, ಹೋದ ವರ್ಷದ ಗೀಟಿನ ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು.